ಏಳು ದಿನದ ಕಾಲುದಾರಿ

ಕರಿಹಲಗೆಯ ಮೇಲೆ ಊರುಗಳ ಹೆಸರನ್ನು ಬರೆಯುವುದು ಸುಲಭ. ಶರೀಫ ಶಿವಯೋಗಿಗಳ ಊರು ಶಿಶುನಾಳ, ಕನಕದಾಸರು ಹುಟ್ಟಿದ್ದು ಬಾಡ, ರನ್ನನ ಗುರುಗಳಾದ ಅಜಿತಸೇನಾಚಾರ್ಯರು ನೆಲೆಸಿದ್ದುದು ಬಂಕಾಪುರ, ಸರ್ವಜ್ಞನ ಕಥೆಯೊಡನೆ ಹೆಣೆದುಕೊಂಡ ಊರು ಅಬ್ಬಲೂರು ಎಂದು ಮೂವತ್ತು ವರ್ಷಗಳಿಂದ ವರ್ಷಕ್ಕೊಮ್ಮೆ ಬರೆದು, ಗಂಟೆ ಬಾರಿಸಿದೊಡನೆ ಅಳಿಸಿದವನು ನಾನು. ಈ ನಾಲ್ಕೂ ಊರುಗಳು ನಮ್ಮ ಹಾವೇರಿ ಜಿಲ್ಲೆಯಲ್ಲಿಯೇ ಇವೆ. ಆದರೂ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾವುದು, ನಡುವೆ ಯಾವ ಹೊಳೆಯನ್ನು ದಾಟಬೇಕು, ನೆಲದ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಪಂಡಿತರನ್ನು ಅಂಥ ಪ್ರಶ್ನೆ ಯಾರೂ ಕೇಳುವುದೂ ಇಲ್ಲ.

ಕೇಳಿದವನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ. 2024ರ ಬೇಸಿಗೆಯಲ್ಲಿ ದೂರವಾಣಿಯಲ್ಲಿ ಕುಶಲ ವಿಚಾರಿಸುತ್ತ, ತಾನು ಒಂದು ವಾರದ ರಜೆಯನ್ನು ಕಾಲ್ನಡಿಗೆಯಲ್ಲಿ ಕಳೆದು ಬಂದುದನ್ನು ವರ್ಣಿಸಿದನು. ಅಲ್ಲಿ ಪೆನೈನ್ ವೇ ಎಂಬ ದಾರಿಯುಂಟು. ನಡೆಯುವವರಿಗಾಗಿಯೇ 1965ರಲ್ಲಿ ತೆರೆದದ್ದು. ಅದರ ಉದ್ದ 268 ಮೈಲಿ. ಬೆಟ್ಟ, ಹುಲ್ಲುಗಾವಲು, ರೈತರ ಹೊಲಗಳ ನಡುವೆ ಅದು ಹಾದುಹೋಗುತ್ತದೆ. ಹೊಲ ಬೇರೊಬ್ಬರದಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದು. ನಡೆಯುವುದಕ್ಕಾಗಿ ರಜೆ ಹಾಕುವವರೂ ಇದ್ದಾರೆಯೇ ಎಂದು ನಾನು ನಕ್ಕೆನು. ಅವನು ನಗಲಿಲ್ಲ. "ಗುರುಗಳ, ನೀವು ಶಿಶುನಾಳ, ಬಾಡ, ಅಬ್ಬಲೂರು ಅಂತ ಪಾಠ ಹೇಳ್ತಿದ್ರಿ. ಶಿಶುನಾಳದಿಂದ ಅಬ್ಬಲೂರತನಕ ನಡಕೊಂಡು ಹೋದ್ರ ಎಷ್ಟು ದಿನ ಆಗ್ತೈತ್ರಿ?" ಎಂದನು. "ನೋಡಿ ಹೇಳ್ತೀನಿ ತಮ್ಮಾ" ಎಂದೆನು. ನೋಡಿ ಹೇಳುವುದೆಂದರೆ ಪುಸ್ತಕ ನೋಡಿ ಹೇಳುವುದೆಂದೇ ನನ್ನ ರೂಢಿ. ಈ ಪ್ರಶ್ನೆಗೆ ಮಾತ್ರ ಯಾವ ಪುಸ್ತಕದಲ್ಲಿಯೂ ಉತ್ತರ ದೊರೆಯಲಿಲ್ಲ.

ನಾನು ಹೊರಡುವುದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಆ ಹುಡುಗನಿಗೂ ಹೇಳಲಿಲ್ಲ, ಜೊತೆಗೆ ಬಂದವರಿಗೂ ಹೇಳಲಿಲ್ಲ.

ನಮ್ಮ ತೀರ್ಥರೂಪರು ಪುರಾಣಿಕರು. ಶ್ರಾವಣ ಬಂದಿತೆಂದರೆ ಚಾಮರಸನ ಪ್ರಭುಲಿಂಗಲೀಲೆಯನ್ನೋ ಭೀಮಕವಿಯ ಬಸವಪುರಾಣವನ್ನೋ ಬಿಳಿಯ ವಸ್ತ್ರದಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡು, ಕೊಡೆ ಹಿಡಿದು, ಕೆಸರು ಬಂದಲ್ಲಿ ಕೆರವನ್ನು ಕೈಯಲ್ಲಿ ಹಿಡಿದು, ಹಾನಗಲ್, ಹಿರೇಕೆರೂರು ಸೀಮೆಯ ಮಠಗಳಿಗೆ ನಡೆದೇ ಹೋಗುವರು. 1979ರ ಶ್ರಾವಣದಲ್ಲಿ, ನನಗೆ ಹನ್ನೊಂದು ವರ್ಷವಿದ್ದಾಗ, ನನ್ನನ್ನೂ ಕರೆದುಕೊಂಡು ಹಾನಗಲ್ಲಿನಿಂದ ತಿಳವಳ್ಳಿಗೆ ಹೊರಟರು. ಅಕ್ಕಿಆಲೂರು ಮುಟ್ಟುವಷ್ಟರಲ್ಲಿ ಮಳೆ ಹಿಡಿಯಿತು. ನಾನು ಅಳತೊಡಗಿದೆ, ಬಸ್ಸು ಬೇಕೆಂದು ಹಟ ಮಾಡಿದೆ. ಅವರ ಸೆರಗಿನ ಗಂಟಿನಲ್ಲಿದ್ದ ಹಣ ಒಬ್ಬರ ಟಿಕೀಟಿಗಷ್ಟೇ ಸಾಲುತ್ತಿತ್ತು. ನನ್ನನ್ನು ಬಸ್ಸಿಗೆ ಹತ್ತಿಸಿ, ತಿಳವಳ್ಳಿಯಲ್ಲಿ ಇಳಿದು ನಿಂತಿರು ಎಂದು ಹೇಳಿ, ಅವರು ನಡೆದು ಬಂದರು. ದೀಪ ಹಚ್ಚುವ ಹೊತ್ತಿಗೆ ಮೊಳಕಾಲವರೆಗೆ ಕೆಸರಾಗಿ ಬಂದವರು ನನಗೆ ಒಂದು ಮಾತೂ ಅನ್ನಲಿಲ್ಲ. ಕಾಲು ತೊಳೆದು, ವಿಭೂತಿ ಧರಿಸಿ, ಪುರಾಣಕ್ಕೆ ಕುಳಿತರು. ಆಮೇಲೆ ನಾನೆಂದೂ ಅವರೊಡನೆ ಹೋಗಲಿಲ್ಲ. ಮುಂದೆ ವಿದ್ವಾನ್ ಪದವಿ ಪಡೆದು ಶಾಲೆಗೆ ಸೇರಿದ ಮೇಲೆ, ಮಗ ಪಂಡಿತನಾಗಿರುವಾಗ ತಂದೆ ಮಳೆಯಲ್ಲಿ ಊರೂರು ಅಲೆಯುವುದು ಶೋಭಿಸದೆಂದು 1996ರಲ್ಲಿ ನಾನೇ ಅವರನ್ನು ತಡೆದೆನು. ಅವರು ವಾದಿಸಲಿಲ್ಲ. ವಸ್ತ್ರದಲ್ಲಿ ಸುತ್ತಿದ ಗ್ರಂಥವನ್ನು ಗೂಡಿನಲ್ಲಿಟ್ಟರು.

ಲಿಂಗೈಕ್ಯರಾಗುವ ಮುನ್ನ, 2005ರಲ್ಲಿ, ಹಾಸಿಗೆ ಹಿಡಿದಿದ್ದ ಅವರು ಬಂದವರನ್ನೆಲ್ಲ ದಾರಿಯ ಸಮಾಚಾರ ಕೇಳುತ್ತಿದ್ದರು. ಯಾವ ಹಳ್ಳ ಹರಿಯುತ್ತಿದೆ, ಯಾವ ಕೆರೆ ಕೋಡಿ ಬಿದ್ದಿದೆ ಎಂದು. ನಾನು ಏನೋ ಕೆಲಸಕ್ಕಾಗಿ ತಿಳವಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದ ದಿನ ನನ್ನನ್ನೂ ಕೇಳಿದರು: "ಅಕ್ಕಿಆಲೂರ ದಾಟಿದ ಮ್ಯಾಲ ಹಳ್ಳದ ದಂಡಿಗೆ ಹುಣಸೀಮರ ಐತೆಲ್ಲ, ಕಟ್ಟಿ ಕಟ್ಟಿದ್ದು. ಇನ್ನೂ ಐತೇನು?" ಆ ದಿನ ನಾನು ಬಸ್ಸಿನಲ್ಲಿ ನಿದ್ದೆ ಹೋಗಿದ್ದೆ. "ಐತಿ ಅಪ್ಪಾ, ಚೊಲೋ ಐತಿ" ಎಂದೆ. ಅವರು ಸಣ್ಣಗೆ ನಕ್ಕು ಗೋಡೆಯ ಕಡೆಗೆ ಹೊರಳಿದರು. ಆ ಮರವನ್ನು ಒಮ್ಮೆ ಕಣ್ಣಾರೆ ಕಂಡು ಬರಬೇಕೆಂಬುದು ಹತ್ತೊಂಬತ್ತು ವರ್ಷ ನನ್ನೊಳಗೆ ಉಳಿದಿತ್ತು.

ಜೊತೆಗೆ ಬಂದವರು ನಮ್ಮ ದೈಹಿಕ ಶಿಕ್ಷಣದ ಮಾಸ್ತರರು. ನಿವೃತ್ತಿಗೆ ಒಂದೇ ವರ್ಷವಿದ್ದರೂ ಮಕ್ಕಳೊಡನೆ ಮೈದಾನಕ್ಕೆ ನಾಲ್ಕು ಸುತ್ತು ಹಾಕುವ ದೇಹ. ದಿನಕ್ಕೆ ಮೂರು ಹರದಾರಿ, ಹೆಚ್ಚೆಂದರೆ ನಾಲ್ಕು, ಡಾಂಬರು ರಸ್ತೆಯನ್ನು ಆದಷ್ಟು ಬಿಟ್ಟು ಬಂಡಿದಾರಿಯಲ್ಲಿ ನಡೆಯುವುದು, ರಾತ್ರಿ ಮಠವೋ ಶಾಲೆಯೋ ಹಳೆಯ ವಿದ್ಯಾರ್ಥಿಯ ಮನೆಯೋ ಸಿಕ್ಕಲ್ಲಿ ತಂಗುವುದು ಎಂದು ಅವರೇ ಗೊತ್ತುಪಡಿಸಿದರು. ಗ್ರಾಮ ನಕಾಶೆಗಳನ್ನು ತಂದು ಹರಡಿದರು. ಬಂಡಿದಾರಿಗೆ ಚುಕ್ಕೆಗಳ ಜೋಡುಗೆರೆ, ಕಾಲುದಾರಿಗೆ ಒಂಟಿಗೆರೆ. ಆ ನಕಾಶೆಯಲ್ಲಿ ನಮ್ಮ ಸೀಮೆಯೂ ಇಂಗ್ಲೆಂಡಿಗೇನೂ ಕಡಿಮೆಯಿಲ್ಲದಂತೆ ದಾರಿಗಳಿಂದ ತುಂಬಿತ್ತು. "ಪಂಡಿತರ, ಹೊಸಾ ಚಪ್ಪಲಿ ಮಾತ್ರ ಹಾಕ್ಕೋಬ್ಯಾಡ್ರಿ" ಎಂದು ಅವರು ಎರಡು ಸಲ ಹೇಳಿದ್ದರು. ನಾನು ಹೊಸ ಚಪ್ಪಲಿಯನ್ನೇ ಕೊಂಡೆನು.

ಬನ್ನಿ ಹಂಚಿಕೊಂಡ ಮರುದಿನ, 2024ರ ಅಕ್ಟೋಬರ್ 13ರ ರವಿವಾರ, ಮೊದಲ ಬಸ್ಸಿಗೆ ಶಿಶುನಾಳಕ್ಕೆ ಹೋಗಿ ಇಳಿದೆವು. ಗದ್ದುಗೆಯ ಮುಂದೆ ಸಕ್ಕರೆ ಓದಿಸುವವರೂ ಕಾಯಿ ಒಡೆಸುವವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಧ್ವನಿವರ್ಧಕದಲ್ಲಿ ಸಿ. ಅಶ್ವತ್ಥರ ಕಂಠ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹವಿಟ್ಟರು, ಕಳಸದ ಗೋವಿಂದಭಟ್ಟರು ಅವರ ಗುರುಗಳು ಎಂಬಿಷ್ಟನ್ನು ಪಾಠದಲ್ಲಿ ಹೇಳುವೆವು. ಅವರು ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದು, ಆ ನೌಕರಿಯನ್ನು ಬಿಟ್ಟು ಹೊರಟವರೆಂಬುದನ್ನು ಮಾತ್ರ ನಾನು ಬೇಗ ದಾಟಿಸಿಬಿಡುತ್ತೇನೆ. ನೌಕರಿ ಬಿಡದ ಮಾಸ್ತರನಿಗೆ ಆ ವಾಕ್ಯ ಸ್ವಲ್ಪ ಚುಚ್ಚುತ್ತದೆ. ತಂದೆ ಇಮಾಮ ಸಾಹೇಬರು ಹುಲಗೂರಿನ ಖಾದರ ಶಾವಲಿಗೆ ಹರಕೆ ಹೊತ್ತು ಪಡೆದ ಮಗನೆಂದು ಪ್ರತೀತಿ. ನಾವೂ ಹುಲಗೂರಿನ ದಾರಿಯನ್ನೇ ಹಿಡಿದೆವು.

ಅದು ಎರೆಯ ನೆಲ. ಹತ್ತಿಯ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಹಿಂದಿನ ವಾರದ ಮಳೆ ಇನ್ನೂ ಆರಿರಲಿಲ್ಲ. ನೂರು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಗೆ ಅಂಟಿದ ಮಣ್ಣು ಎರಡು ಸೇರು ತೂಗುತ್ತಿತ್ತು. ಕೋಲಿನಿಂದ ಕೆರೆದು ಮುಂದೆ ನಡೆದರೆ ಮತ್ತೆ ಅಷ್ಟೇ. ತೀರ್ಥರೂಪರು ಕೆರವನ್ನು ಕೈಯಲ್ಲಿ ಹಿಡಿಯುತ್ತಿದ್ದುದರ ಅರ್ಥ ನನಗೆ ಅಂದು ಮಧ್ಯಾಹ್ನ ತಿಳಿಯಿತು. ನಕಾಶೆಯ ಜೋಡುಗೆರೆ ಒಂದೆಡೆ ಥಟ್ಟನೆ ಮುಗಿದುಹೋಯಿತು. ಮುಂದೆ ದಾರಿಯೇ ಇಲ್ಲ, ಉತ್ತ ಹೊಲ. ಹೊಲದವನು ತಾನೇ ಬಂದು, "ದಾರಿ ನಮ್ಮ ಮುತ್ತ್ಯಾನ ಕಾಲಕ್ಕ ಇತ್ರಿ. ಈಗ ಬಂಡಿ ಯಾರ ಹೂಡ್ತಾರ? ಬದುವಿನ ಮ್ಯಾಲ ಹಾಸಿ ಹೋಗ್ರಿ" ಎಂದು ದಾರಿಗೊಡೆದು ಕೊಟ್ಟನು. ಅಂಥ ಮುರಿದ ಗೆರೆಗಳು ಏಳು ದಿನದಲ್ಲಿ ಹತ್ತಾರು ಸಿಕ್ಕವು. ದಾರಿ ಇಲ್ಲವೆಂದು ನಮ್ಮನ್ನು ತಡೆದವರು ಒಬ್ಬರೂ ಸಿಗಲಿಲ್ಲವೆಂಬುದನ್ನೂ ಹೇಳಬೇಕು.

ಮರುದಿನ ಸವಣೂರು. ಹಿಮ್ಮಡಿಯಲ್ಲಿ ಎರಡು ಗುಳ್ಳೆಗಳೆದ್ದು ನಾನು ಕುಂಟುತ್ತಿದ್ದೆ. ಮಾಸ್ತರರು ಏನನ್ನೂ ಅನ್ನದೆ ಕೊಬ್ಬರಿಎಣ್ಣೆ ಹಚ್ಚಿ, ತಮ್ಮ ಚೀಲದಿಂದ ಹಳೆಯ ಕ್ಯಾನ್ವಾಸ್ ಬೂಟುಗಳನ್ನು ತೆಗೆದುಕೊಟ್ಟರು. ನನ್ನ ಅಳತೆಯದನ್ನು ಮೊದಲೇ ತಂದಿದ್ದರು! ಧೋತರದ ಕೆಳಗೆ ಬಿಳಿಯ ಬೂಟು ಹಾಕಿದ ಪಂಡಿತನನ್ನು ನೋಡಿ ಸವಣೂರಿನ ಮಕ್ಕಳು ಬಹುದೂರ ಹಿಂಬಾಲಿಸಿದರು.

ನವಾಬರ ಆಳಿಕೆಯ ಊರು, 1783ರಲ್ಲಿ ವೃಂದಾವನಸ್ಥರಾದ ಸತ್ಯಬೋಧತೀರ್ಥರ ಸನ್ನಿಧಾನವಿರುವ ಊರು, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ಎಲೆಬಳ್ಳಿಯ ತೋಟ, ಬಾಯಿ ಚುರುಗುಟ್ಟಿಸುವ ಖಾರ ಇವೆಲ್ಲ ಬೇರೆ. ಆದರೆ ನಾನು ಕಾಲೆಳೆದುಕೊಂಡು ಹೋಗಿ ಕುಳಿತದ್ದು ದೊಡ್ಡಹುಣಸೆ ಕಲ್ಮಠದ ಮರಗಳ ಬಳಿ. ಜನ ಹುಣಸೆಯೆಂದರೂ ಅದು ಹುಣಸೆಯಲ್ಲ. ಆಫ್ರಿಕಾ ಮೂಲದ ಬಾವೋಬಾಬ್. ಕಾಯಿಯೊಳಗಿನ ತಿರುಳು ಹುಳಿಯಾದ್ದರಿಂದ, ಕಾಂಡ ಆನೆಯ ಮೈಯಂತಿರುವುದರಿಂದ, ನಮ್ಮವರು ಅದಕ್ಕೆ ದೊಡ್ಡ ಹುಣಸೆಯೆಂದು ಹೆಸರಿಟ್ಟು ತಮ್ಮದಾಗಿಸಿಕೊಂಡರು. ಯಾರು ತಂದರು, ವರ್ತಕರೋ ಸಂತರೋ ಎಂಬುದು ಊಹೆಯ ಮಾತು. ಇರುವ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿತು. ಯಂತ್ರಗಳನ್ನು ತಂದು ಅದನ್ನು ಎತ್ತಿ ಮತ್ತೆ ನೆಟ್ಟರು. ಬಿದ್ದ ಮರವನ್ನು ಎತ್ತಿ ನಿಲ್ಲಿಸುವವರೂ ಉಂಟೆಂದು ನಾನು ಆ ಕಾಂಡವನ್ನು ಮುಟ್ಟಿ ನೋಡಿದೆ. ಹುಣಸೆಯೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ತಿಳವಳ್ಳಿಯ ದಾರಿ ನೆನಪಾಗುತ್ತಿತ್ತು.

ಮೂರನೆಯ ದಿನದ ಸಂಜೆ ಬಂಕಾಪುರದ ಚಹದಂಗಡಿಯಲ್ಲಿ ಕುಳಿತಾಗ ನಮ್ಮ ಯಾತ್ರೆಗೆ ಹೊಸ ಅರ್ಥ ಬಂದಿತು. ಶಿಗ್ಗಾವಿ ಕ್ಷೇತ್ರದ ಉಪಚುನಾವಣೆ ಅದೇ ದಿನ ಘೋಷಣೆಯಾಗಿತ್ತು. ಇಬ್ಬರು ಹಿರಿಯರು ಚೀಲ ಹೊತ್ತು ಊರೂರು ನಡೆಯುತ್ತಿದ್ದಾರೆಂದರೆ ಜನ ಏನೆಂದು ತಿಳಿಯಬೇಕು? "ಯಾವ ಪಕ್ಷದ ಪಾದಯಾತ್ರಿ ರೀ ಇದು?" ಎಂದು ಒಬ್ಬನು ಕೇಳಿಯೇ ಬಿಟ್ಟನು. ಯಾವ ಪಕ್ಷದ್ದೂ ಅಲ್ಲ, ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ಯಾರೂ ನಂಬಲಿಲ್ಲ. ಹರಕೆ ಎಂದು ಮಾಸ್ತರರು ಹೇಳಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು. ಚಹದ ಹಣವನ್ನೂ ಅವರು ತೆಗೆದುಕೊಳ್ಳಲಿಲ್ಲ.

ಬಂಕಾಪುರದ ಕೋಟೆಯನ್ನು ಆ ಮೊದಲೇ ಹಗಲಿನಲ್ಲಿ ನೋಡಿದ್ದೆವು. ಅಮೋಘವರ್ಷ ನೃ ಪತುಂಗನ ಸಾಮಂತ ಬಂಕೆಯನ ಹೆಸರಿನ ಊರಿದು. ಅವನ ಮಗ ಲೋಕಾದಿತ್ಯನು ಇಲ್ಲಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇಲ್ಲಿ ಪೂಜೆ ನಡೆಯಿತು. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು ಬಂದು ಅಜಿತಸೇನರ ಪಾದಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಮುದುವೊಳಲಿನ ಬಳೆಗಾರರ ಮನೆಯ ಹುಡುಗ ರನ್ನನಿಗೆ ವಿದ್ಯೆ ಕೊಟ್ಟವರು ಅದೇ ಅಜಿತಸೇನರು. ರನ್ನನಿಗೂ ನಡಿಗೆಯ ಹೊರತು ಬೇರೆ ವಾಹನವಿದ್ದಿರಲಾರದು. ಬಳೆಯ ಮಲಾರ ಹೊತ್ತವರ ಮಗನಿಗೆ ಅದು ಹೊಸದೂ ಆಗಿರಲಿಲ್ಲ. ಕೋಟೆಯೊಳಗಿನ ನಗರೇಶ್ವರ ದೇವಾಲಯದ, ಜನ ಅರವತ್ತು ಕಂಬದ ಗುಡಿಯೆನ್ನುವ ಆ ಕಟ್ಟಡದ, ನುಣುಪಾಗಿ ಕಡೆದ ಕಂಬಗಳಲ್ಲಿ ನಮ್ಮಿಬ್ಬರ ಮುಖವೂ ಮಸುಕಾಗಿ ಕಂಡಿತು. 2006ರಿಂದ ಈ ಕೋಟೆ ನವಿಲುಧಾಮ. ಮಳೆಗಾಲ ಮುಗಿದು ಗರಿ ಉದುರಿಸಿದ ಗಂಡುನವಿಲುಗಳು ಬಡವಾದ ಅರಸರಂತೆ ಜಾಲಿಯ ನೆರಳಿನಲ್ಲಿ ತಿರುಗುತ್ತಿದ್ದವು. ಕವಿಗಳು ನವಿಲನ್ನು ಕುಣಿಯುವಾಗಲಷ್ಟೇ ನೋಡಿದವರು!

ನಾಲ್ಕನೆಯ ದಿನ ಅತ್ಯಂತ ದೀರ್ಘವಾದುದು. ಪುಣೆ-ಬೆಂಗಳೂರು ಹೆದ್ದಾರಿಯನ್ನು ದಾಟಲು ಹತ್ತು ನಿಮಿಷ ಬದಿಯಲ್ಲಿ ನಿಂತಿದ್ದೆವು. ಆ ಕಡೆಯ ಬಾಡದಲ್ಲಿ ಕನಕದಾಸರ ಹೆಸರಿನಲ್ಲಿ ಸರಕಾರ ಕಟ್ಟಿಸಿದ ಅರಮನೆ ಭವ್ಯವಾಗಿದೆ. ತಿಮ್ಮಪ್ಪನಾಯಕ ಬಿಟ್ಟುಹೋದುದು ಅರಮನೆಯನ್ನಲ್ಲವೇ ಎಂಬ ಯೋಚನೆ ಬಂದರೂ, ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದುದನ್ನು ಕಂಡು ಸುಮ್ಮನಾದೆ. ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಅಲ್ಲಿಂದ ಹಾನಗಲ್ಲಿನ ಕಡೆಗಿನ ನೆಲ. ಎರೆ ಹಿಂದಾಗಿ ಕೆಂಪು ಮಸಾರಿ ಕಾಲಿಗೆ ಬಂದಿತು. ಹತ್ತಿ ಕಡಿಮೆಯಾಗಿ ಭತ್ತದ ಗದ್ದೆಗಳೂ ಮಾವಿನ ತೋಪುಗಳೂ ಆರಂಭವಾದವು. ರಾಮಧಾನ್ಯಚರಿತೆಯಲ್ಲಿ ದಾಸರು ಭತ್ತಕ್ಕೂ ರಾಗಿಗೂ ವಾದ ಹೂಡಿಸಿ ರಾಗಿಯನ್ನು ಗೆಲ್ಲಿಸಿದರು. ಅವರ ಊರಿನ ಸುತ್ತ ಇಂದು ರಾಗಿಯನ್ನು ಹುಡುಕಬೇಕು. ಎಲ್ಲಿ ನೋಡಿದರೂ ಗೋವಿನಜೋಳ. ಹೊಲದಲ್ಲಿ ಗೋವಿನಜೋಳ, ಕಣದಲ್ಲಿ ಗೋವಿನಜೋಳ, ಊರ ಮುಂದಿನ ಡಾಂಬರು ರಸ್ತೆಯ ಅರ್ಧದಲ್ಲಿಯೂ ಒಣಹಾಕಿದ ಗೋವಿನಜೋಳ. ಅಮೆರಿಕ ಖಂಡದಿಂದ ಬಂದ ಈ ಧಾನ್ಯ ವಾದವನ್ನೇ ಹೂಡದೆ ಭತ್ತ ರಾಗಿಗಳೆರಡನ್ನೂ ಬದಿಗೆ ಸರಿಸಿದೆ. ದಾಸರು ಇಂದು ಇದ್ದಿದ್ದರೆ ಇನ್ನೊಂದು ಸಂಧಿ ಬೇಕಾಗುತ್ತಿತ್ತು.

ವರದೆಯನ್ನು ಸೇತುವೆಯ ಮೇಲೆ ದಾಟುವಾಗ ಅವಳು ಕೆಂಪಗೆ, ದಡ ತುಂಬಿ ಹರಿಯುತ್ತಿದ್ದಳು. ಆಮೇಲೆ ಮಳೆ ಬಂದಿತು. ಕತ್ತಲೆಯಾಯಿತು. ಕಟ್ಟಕಡೆಯ ಒಂದು ಹರದಾರಿಯನ್ನು ನಾನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಗೋವಿನಜೋಳದ ಚೀಲಗಳ ಮೇಲೆ ಕುಳಿತು ಹೋದೆನೆಂಬುದನ್ನು ಮುಚ್ಚಿಡಲಾರೆ. ಮಾಸ್ತರರು ಹತ್ತಲಿಲ್ಲ. ನಾನು ಹಾನಗಲ್ಲಿನಲ್ಲಿ ಇಳಿದು ಅವರಿಗಾಗಿ ಕಾದು ನಿಂತೆ. ಮಳೆಯಲ್ಲಿ ನಡೆದು ಬರುವವರನ್ನು ಕಾಯುತ್ತ ನಿಲ್ಲುವುದು ನನಗೆ ಎರಡನೆಯ ಸಲ.

ಹಾನಗಲ್ಲಿನ ತಾರಕೇಶ್ವರನ ಗುಡಿ, ಅದರ ಭುವನೇಶ್ವರಿಯಲ್ಲಿ ಅರಳಿದ ಕಮಲ, ಪಾನುಂಗಲ್ಲಿನ ಕದಂಬರು, ಊರನ್ನು ವಿರಾಟನಗರಿಯೆನ್ನುವ ಐತಿಹ್ಯ, 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯ ಕುಮಾರ ಮಹಾಸ್ವಾಮಿಗಳು ಇವೆಲ್ಲಕ್ಕೆ ಬೇರೊಂದು ಲೇಖನವೇ ಬೇಕು. ಮೇಲಾಗಿ ಆ ಮುಂಜಾನೆ ನನ್ನ ಮನಸ್ಸು ಅಲ್ಲಿರಲಿಲ್ಲ.

ಐದನೆಯ ದಿನ ಶೀಗಿ ಹುಣ್ಣಿಮೆ. ನಮ್ಮ ಕಡೆಯ ರೈತನಿಗೆ ಅದು ಭೂಮಿತಾಯಿಯ ಸೀಮಂತ. ಅಕ್ಕಿಆಲೂರು ದಾಟುವಷ್ಟರಲ್ಲಿ ದಾರಿಯ ಎರಡೂ ಕಡೆ ಹೊಲಗಳಿಗೆ ಜನ ಇಳಿದಿದ್ದರು. ಬುತ್ತಿಯ ಬುಟ್ಟಿ ಹೊತ್ತ ಹೆಣ್ಣುಮಕ್ಕಳು, ಹೊಸ ಸೀರೆ, ಬನ್ನಿಯ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಚರಗ ಚೆಲ್ಲುತ್ತ ಹೊಲದ ಸುತ್ತ ಕೂಗಿಕೊಂಡು ಓಡುವ ಹುಡುಗರು. ದಾರಿಯಲ್ಲಿ ಹೋಗುವವರನ್ನು ಆ ದಿನ ಉಣ್ಣದೆ ಹೋಗಗೊಡುವುದಿಲ್ಲ. ಮೂರು ಹೊಲದವರಿಂದ ತಪ್ಪಿಸಿಕೊಂಡೆವು; ನಾಲ್ಕನೆಯವರು ದಾರಿಗೇ ಅಡ್ಡ ನಿಂತರು. "ಬರ್ರಿ ಯಪ್ಪಾ, ಹಬ್ಬದ ದಿನ ಹಸದ ಹೋಗಬಾರದು" ಎಂದು ಮನೆಯೊಡತಿ ಕರೆದಳು. ಹೋಳಿಗೆ, ಕರಿಗಡಬು, ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರು. ಕೆಳಗೆ ಮುತ್ತುಗದ ಎಲೆ. ನಮ್ಮ ಎದುರಿಗೆ ಅರವತ್ತರ ಆಚೀಚಿನ ಯಜಮಾನರು ಕುಳಿತಿದ್ದರು.

ಹೊಲದಂಚಿನಲ್ಲಿ ಹಳ್ಳ ಹರಿಯುತ್ತಿತ್ತು. ಅದರ ತಿರುವನ್ನು ನೋಡಿದೊಡನೆ ನನಗೆ ಸಂಶಯ ಬಂದಿತು. ಹನ್ನೊಂದು ವರ್ಷದವನಾಗಿದ್ದಾಗ ಬಸ್ಸಿನ ಹಿಂಬದಿಯ ಗಾಜಿನಿಂದ ಈ ತಿರುವನ್ನು ಕಂಡಿದ್ದೆ. ಮರದ ಕಟ್ಟೆಯೂ ಅಲ್ಲಿಯೇ ಇರಬೇಕು. ಇರಲಿಲ್ಲ.

"ಇಲ್ಲೇ ದಂಡಿಗೆ ಒಂದು ಹುಣಸೀಮರ ಇತ್ತಲ್ರೀ ಯಜಮಾನ್ರ?" ಎಂದೆ.

"ಇತ್ರಿ. ಕಟ್ಟೀನೂ ಕಟ್ಟಿಸಿದ್ರು ಅದಕ. ದಾರೀಲೆ ಹೋಗವ್ರೆಲ್ಲ ಕುಂತು ಬುತ್ತಿ ಉಣ್ಣವ್ರು. ನೀವು ಯಾವಾಗ ನೋಡಿದ್ರಿ ಅದನ್ನ?"

"ಸಣ್ಣಂವ ಇದ್ದಾಗ."

"ಹಂಗನ್ರಿ ಮತ್ತ. ಅದು ಗಾಳಿಗೆ ಬಿದ್ದು ಭಾಳ ವರ್ಷ ಆತು. ನನ್ನ ಲಗ್ನಾದ ವರ್ಷ. ಅದರ ಕಟಗೀನ ನನ್ನ ಮದವಿ ಒಲಿಗೆ ಉರದೈತಿ." ಅವರು ನಕ್ಕರು. ಮನೆಯೊಡತಿಯೂ ಸೆರಗು ಬಾಯಿಗೊತ್ತಿ ನಕ್ಕಳು.

"ಯಾವ ವರ್ಷ ರೀ ಅದು?"

"ಎಂಬತ್ತೊಂಬತ್ತನೇ ಇಸ್ವಿ."

ನಾನು ರೊಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಿದೆ. ಗಣಿತದಲ್ಲಿ ನಾನು ಎಂದೂ ಹಿಂದೆ. ಆದರೂ ಇದು ಕಠಿಣವಾದ ಲೆಕ್ಕವಲ್ಲ. ತೀರ್ಥರೂಪರು ನಡೆಯುವುದನ್ನು ನಿಲ್ಲಿಸಿದ್ದು 1996ರಲ್ಲಿ. ಮರ ಬಿದ್ದ ಮೇಲೆಯೂ ಏಳು ಶ್ರಾವಣ ಅವರು ಈ ಹಳ್ಳವನ್ನು ದಾಟಿದ್ದಾರೆ. ಬುತ್ತಿ ಬಿಚ್ಚಲು ಬೇರೆ ನೆರಳನ್ನು ಹುಡುಕಿದ್ದಾರೆ. 2005ರಲ್ಲಿ ಹಾಸಿಗೆಯ ಮೇಲೆ ಮಲಗಿ, ಆ ಮರ ಇನ್ನೂ ಇದೆಯೇ ಎಂದು ಅವರು ನನ್ನನ್ನು ಕೇಳಿದಾಗ, ಅದು ಇಲ್ಲವೆಂಬುದು ಅವರಿಗೆ ಗೊತ್ತಿತ್ತು.

"ಯಾಕ್ರೀ ಪಂಡಿತರ, ಊಟಾ ಸೇರವಲ್ತೇನು?" ಎಂದು ಮಾಸ್ತರರು ಕೇಳಿದರು. ಗುಳ್ಳೆ ನೋಯುತ್ತಿದೆ ಎಂದೆ. ಗುಳ್ಳೆ ಆ ವೇಳೆಗೆ ಒಣಗಿತ್ತು. ಅವರೇ ಬೆಳಿಗ್ಗೆ ನೋಡಿದ್ದರು. ಮರುಮಾತಾಡಲಿಲ್ಲ.

ತಿಳವಳ್ಳಿಯವರೆಗೆ ನಾವಿಬ್ಬರೂ ಮಾತಿಲ್ಲದೆ ನಡೆದೆವು. ಕೆರೆಯ ಏರಿಯ ಮೇಲೆ ಹುಣ್ಣಿಮೆಯ ಚಂದ್ರ ಏರಿದ್ದನು, ತುಂಬಿದ ಕೆರೆ. ಶಾಂತೇಶ್ವರನ ಗುಡಿಯ ಜಗಲಿಯಲ್ಲಿ ಬಹಳ ಹೊತ್ತು ಕುಳಿತೆ. ರಾತ್ರಿ ತಂಗಿದ ಮಠದಲ್ಲಿ, ಇಲ್ಲಿ ಹಿಂದೆ ಶ್ರಾವಣದಲ್ಲಿ ಪುರಾಣಕ್ಕೆ ಬರುತ್ತಿದ್ದವರು ಯಾರೆಂದು ವೃದ್ಧರೊಬ್ಬರನ್ನು ಕೇಳಿದೆ. "ಭಾಳ ಮಂದಿ ಬಂದು ಹೋಗ್ಯಾರ. ಒಬ್ರು ಇದ್ರು ನೋಡ್ರಿ, ಎತ್ತರದವ್ರು, ಕಂಚಿನಂಥಾ ದನಿ" ಎಂದು ಅವರು ಹೇಳಿದ ಹೆಸರು ನಮ್ಮ ತಂದೆಯವರದಾಗಿರಲಿಲ್ಲ. ಎತ್ತರ, ದನಿ ಎರಡೂ ಅವರವೇ ಆಗಿದ್ದವು. ನಾನು ತಿದ್ದಲಿಲ್ಲ, ಮೂವತ್ತು ವರ್ಷ ತಿದ್ದುವ ಕೆಲಸವನ್ನೇ ಮಾಡಿದವನಿಗೆ ಅಂದು ಅದು ಬೇಕೆನಿಸಲಿಲ್ಲ.

ಆರನೆಯ ದಿನ ಚಿಕ್ಕೇರೂರು ಮುಟ್ಟಿದೆವು. ಹೇಳುವಂಥದು ಹೆಚ್ಚಿಲ್ಲ, ಹಿರಿಯ ಕೆರೆಯ ಊರು ಹಿರೇಕೆರೂರಾದರೆ ಇದು ಚಿಕ್ಕ ಕೆರೆಯ ಊರಾಗಿರಬೇಕೆಂದು ನಾನು ಸಂಧಿ ಬಿಡಿಸಿ ಹೇಳಿದ್ದನ್ನು ಮಾಸ್ತರರು ತಲೆದೂಗಿ ಕೇಳಿದರು. ಏಳನೆಯ ದಿನ, ಶನಿವಾರ, ಹಿರೇಕೆರೂರಿನ ದುರ್ಗಾದೇವಿಯ ಕೆರೆಯಲ್ಲಿ ಕೈಕಾಲು ತೊಳೆದು, ಮಧ್ಯಾಹ್ನಕ್ಕೆ ಅಬ್ಬಲೂರಿಗೆ ಹೋದೆವು.

ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ ಏಕಾಂತದ ರಾಮಯ್ಯನ ಪವಾಡವನ್ನೂ ಜೈನರೊಡನೆ ನಡೆದ ವಾದವನ್ನೂ ಹೇಳುತ್ತದೆ. ಅದನ್ನು ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಚ್ಚು ಮಾಡಿಸಿದರು. ಅಚ್ಚಾದ ಪಾಠವನ್ನು ನಾನು ವಿದ್ಯಾರ್ಥಿದೆಸೆಯಲ್ಲಿ ಓದಿದ್ದೆ. ಅದರಲ್ಲಿ ಬರುವ ಪಣದ ಕಠೋರತೆ ಆಗಲೂ ನನ್ನನ್ನು ಕಾಡಿತ್ತು. ನಾಲ್ಕು ದಿನಗಳ ಹಿಂದೆ ಬಂಕಾಪುರದಲ್ಲಿ ನಿಂತು ಬಂದ ಕಾಲಿನಲ್ಲಿ ಅದರ ಮುಂದೆ ನಿಂತಾಗ ಇನ್ನಷ್ಟು ಕಾಡಿತು. ಅಲ್ಲಿಗೂ ಇಲ್ಲಿಗೂ ಎಷ್ಟು ಕಡಿಮೆ ದೂರ!

ಊರಿನ ನಾಲ್ಕು ಹುಡುಗರು ಸುತ್ತ ನೆರೆದಿದ್ದರು. ಪಂಡಿತರು ಬಂದಿದ್ದಾರೆಂದು ತಿಳಿದು ಒಬ್ಬನು, "ಸರ್, ಇದರಾಗ ಏನ ಬರದಾರ, ಓದ್ರಿ" ಎಂದನು. ಕೇಶಿರಾಜನ ಸೂತ್ರಗಳನ್ನು ನಿದ್ದೆಯಲ್ಲಿಯೂ ಹೇಳಬಲ್ಲೆ. ಷಟ್ಪದಿಯ ಆರೂ ಬಗೆಗಳಿಗೆ ಪ್ರಸ್ತಾರ ಹಾಕಬಲ್ಲೆ. ಕಲ್ಲಿನ ಮೇಲಿನ ಲಿಪಿ ಮಾತ್ರ ನನಗೆ ಬರದು. ನಮ್ಮ ಕಾಲದ ವಿದ್ವಾನ್ ಪರೀಕ್ಷೆಗೆ ಓದಿದ್ದೆಲ್ಲ ಅಚ್ಚಿನ ಪುಸ್ತಕ. ಒಂದೆಡೆ 'ಶ್ರೀ' ಕಂಡಿತು, ಇನ್ನೊಂದೆಡೆ 'ಶಿವ' ಎಂಬಂತೆ ಕಂಡಿತು. ಬಾಯಿಪಾಠವಿದ್ದುದನ್ನು ಹೇಳಿ, ಓದಿದೆನೆಂದು ತೋರಿಸುವುದು ಸುಲಭವಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ನನಗ ಓದಾಕ ಬರೂದಿಲ್ಲಪಾ" ಎಂದೆ.

ಹುಡುಗರಿಗೆ ಆಶ್ಚರ್ಯವಾಯಿತೋ ನಿರಾಶೆಯಾಯಿತೋ. ಅವರಲ್ಲೊಬ್ಬನು, "ಸರ್ವಜ್ಞಗ ಬರತಿತ್ತು ಏನ್ರಿ?" ಎಂದನು. ಸರ್ವಜ್ಞನ ತಾಯಿ ಈ ಊರಿನ ಕುಂಬಾರಗಿತ್ತಿಯೆಂದು ಊರವರ ನಂಬಿಕೆ. ಅವನ ಕಾಲವನ್ನು ಕುರಿತು ಪಂಡಿತರಲ್ಲಿ ವಾದವಿದೆ. ಅವನ ತ್ರಿಪದಿಗಳನ್ನು ಕಟ್ಟಿ ಕೊಟ್ಟವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಓಲೆಯಲ್ಲಿದ್ದುದನ್ನೂ ಜನರ ಬಾಯಲ್ಲಿದ್ದುದನ್ನೂ ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಆ ಹುಡುಗರಿಗೆ ಇದನ್ನು ಹೇಳಿದೆ. ನಿಮ್ಮ ಅಜ್ಜಿಯರಿಗೆ ಬರುವ ತ್ರಿಪದಿಗಳೆಷ್ಟು ಎಂದು ಕೇಳಿದೆ. ಒಬ್ಬನು ಓಡಿಹೋಗಿ ಅಜ್ಜಿಯನ್ನೇ ಕರೆತಂದನು. ಬಸ್ಸಿನ ಹೊತ್ತಾಗುವವರೆಗೂ ಆಕೆ ಹೇಳುತ್ತಲೇ ಇದ್ದಳು. ಎರಡು ನನಗೆ ಗೊತ್ತಿಲ್ಲದವು, ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ಹಿಂದಿರುಗುವಾಗ ಹಿರೇಕೆರೂರಿನಲ್ಲಿ ಹಾನಗಲ್ಲಿನ ಬಸ್ಸು ಹತ್ತಿದೆವು. ಎರಡು ದಿನಕ್ಕೂ ಮೀರಿ ನಡೆದ ದಾರಿ ಒಂದು ಸಂಜೆಯಲ್ಲಿ ಹಿಂದಕ್ಕೆ ಸರಿಯತೊಡಗಿತು. ಮಾಸ್ತರರು ನನ್ನ ಹೊಸ ಚಪ್ಪಲಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದರು. ನಾನು ಮೊಬೈಲನ್ನು ತೆಗೆದು ಇಂಗ್ಲೆಂಡಿನ ಹುಡುಗನಿಗೆ, "ಏಳು ದಿನ. ಒಂದು ಹರದಾರಿ ಟ್ರ್ಯಾಕ್ಟರಿನಲ್ಲಿ" ಎಂದು ಬರೆದು ಕಳಿಸಿದೆ. ತಿಳವಳ್ಳಿ ಬಂದಿತು, ಜನ ಇಳಿದರು, ಹತ್ತಿದರು. ಅಲ್ಲಿಂದ ಮುಂದೆ ನಾನು ಎಚ್ಚರವಾಗಿದ್ದೆ. ಹಳ್ಳ ಬರುವ ಸುಮಾರಿಗೆ ಕಿಟಕಿಯ ಗಾಜನ್ನು ಸರಿಸಿ ಹೊರಗೆ ನೋಡಿದೆ. ಚಂದ್ರ ಇನ್ನೂ ಎದ್ದಿರಲಿಲ್ಲ. ಬಸ್ಸಿನ ದೀಪ ಸೇತುವೆಯ ಕಲ್ಲುಗಳ ಮೇಲೆ ಬಿದ್ದು ಮುಂದೆ ಹೋಯಿತು.